ಗೋಣು ಹಿಡಿಯೋ ಕೆಲಸ

ರಜಿಸ್ಟರಿನಾಗ ನನ್ನ ಕೆಲಸಕ್ಕ ಉದ್ದನ ಹೆಸರದ.
ಮನ್ಯಾಗ ಕೇಳಿದ್ರ ನಾ ಇಷ್ಟೇ ಅಂತೀನಿ:
ಗೋಣು ಹಿಡಿಯೋದು.

ಗೋಣು ಹಿಡದು ಹೊರಗ ಹಾಕೋದು
ಊರಿಗೆಲ್ಲ ಬರ್ತದ.
ಗೋಣು ಹಿಡದು ಒಳಗ ಇಟ್ಕೊಳ್ಳೋದು
ಜರಾ ಕಲೀಬೇಕಾಗ್ತದ.

ನಿನ್ನೆ ರಾತ್ರಿ ಹತ್ತೂವರೆಗೆ ಬಂದಾಂವ ಬಕ್ಕಪ್ಪ.
ಊರು ಕಾಳಗಿ ಕಡಿ, ಕಲಬುರಗಿ ಗಂಜಿನಾಗ ಹಮಾಲಿ.
ತೊಗರಿ ಚೀಲದ ಥಪ್ಪಿ ಜಾರಿ
ಮ್ಯಾಲಿಂದು ಬಂದು ಕೂತದ್ದು ನೇರ ಹೆಡಕಿನ ಮ್ಯಾಲ.
ಫಿಲ್ಮು ಬೆಳಕಿಗೆ ಹಿಡದು ನೋಡಿದ್ವಿ:
ಐದನೇದು ಆರನೇದರ ಮ್ಯಾಲಿಂದ ಜರದಿತ್ತು,
ಹೋಟೆಲ್ ಹುಡುಗ ಅವಸರದಾಗ ಒಟ್ಟಿದ ಬಸಿ ಹಂಗ.
ಬಲಗೈ ಎತ್ತತಾನ. ಎಡಗೈಯಾಗ ಎರಡು ಬೆರಳು.
ಕಾಲು ಜುಂ ಅಂತಾವಂತ.
ಜುಂ ಅನ್ನಲಿ, ಒಳ್ಳೇದು, ಅಂದ್ರು ಜಗದೇವಿ ಮೇಡಂ,
ಸುಮ್ಮಾದ್ರೆ ನನಗ ಅಂಜಿಕಿ.

ಅವನ ಕಣ್ಣಿಗೆ ಕಾಣೋಹಂಗ ಬಾಗಿ ಮೇಡಂ ಹೇಳಿದ್ರು:
ನಿದ್ದಿ ಬರಸ್ತೀವಿ. ಗಂಟಲದಾಗ ಒಂದು ನಳಿಗಿ ಇಡ್ತೀವಿ.
ಉಸಿರಿಂದು ಮಶೀನ್ ನೋಡ್ಕೋತದ. ತಿಳೀತೇನು?
ಅವ ಹೂಂ ಅಂತ ಗೋಣು ಹಾಕ್ಲಿಕ್ಕೆ ಹೊಂಟ.
ಹಾಕಬ್ಯಾಡೋ ಯಪ್ಪಾ!
ಮೂರೂ ಮಂದಿ ಕೂಡೇ ಚೀರಿದ್ವಿ.
ಕಣ್ಣು ಮುಚ್ಚಿ ತೆಗಿ, ಸಾಕು.

ದಲಾಲಿಗೆ ಗೋಣು, ಸೇಟಗ ಗೋಣು,
ಮುನೀಮ ಬರ್ದದ್ದು ಎಷ್ಟೋ ಅಷ್ಟಕ್ಕ ಗೋಣು,
ಮೂವತ್ತು ವರ್ಷ ಹಾಕಿದಾಂವ
ಬ್ಯಾಡ ಅಂದ್ರ ಏನು ಮಾಡಬೇಕೋ ತಿಳೀದೆ
ಛತ್ತು ನೋಡಕೋತ ಮಲಗಿದ.
ಕಡಿಗೆ ಒಮ್ಮೆ ಕಣ್ಣು ಮುಚ್ಚಿ ತೆಗದ.

ಕುತ್ತಿಗಿ ಪಟ್ಟಾದ ಮುಂದಿನ ಅರ್ಧ ಬಿಚ್ಚಿದ್ವಿ.
ಅದರ ಜಾಗಾದಾಗ ಈಗ ನನ್ನ ಕೈ.
ಮೇಜಿನ ಬಾಜೂಕ ಅರ್ಧ ಕುಂತು ಅರ್ಧ ನಿಂತು
ಅಂಗೈ ಎರಡೂ ಕಿವಿ ಮ್ಯಾಲ,
ಬೆರಳ ತುದಿ ಕಿವಿ ಹಿಂದಿನ ಎಲುಬಿಗೆ.
ಎಳೀಬಾರದು. ಒತ್ತಬಾರದು. ಬರೇ ಇರಬೇಕು.
ಕೂದಲ ಬುಡದಾಗ ತೊಗರಿ ಧೂಳು.
ಹೆಡಕಿನ ಕೆಳಗ ಅಂಗಾಲಿನಂಥ ಜಡ್ಡು,
ಗೋಣಿ ದಿನಾ ಬಂದು ಕೂಡ್ತಿದ್ದ ಜಾಗ.

ಔಷಧ ಹೋಯ್ತು.
ಆ ಗಳಿಗಿಗೆ ಅವನ ತಲಿ ಭಾರ ಆತು.
ಇಷ್ಟೊತ್ತು ಅವನೇ ಹೊತ್ತಿದ್ದ,
ಈಗ ಇಳಿಸಿ ನನ್ನ ಕೈಗಿ ಕೊಟ್ಟ.

ಬ್ಯಾರೆ ಮಂದಿಗಾದ್ರ ತಲಿ ಹಿಂದಕ್ಕ ಬಾಗಿಸ್ತೀವಿ,
ದವಡಿ ಎತ್ತೀವಿ, ಒಳಗಿನ ಬಾಗಿಲು ಪೂರಾ ಕಾಣ್ತದ.
ಇವನಿಗೆ ಹಂಗಿಲ್ಲ.
ಕ್ಯಾಮೆರಾ ಹಚ್ಚಿದ ಅಲಗು ನಾಲಿಗಿ ಸವರಿ ಇಳೀತು.
ಪರದೆ ಮ್ಯಾಲ ಅರ್ಧ ಬಾಗಿಲು,
ಉಳಿದದ್ದು ಕೆಂಪು ಪಡಸಾಲಿ.
ಇನ್ನಾ ಜರಾ ಎತ್ತಿದ್ರ ಚಂದ ಕಾಣ್ತದ್ರಿ ಮೇಡಂ,
ಅಂದ ಕಲಿಯೋ ಹುಡುಗ.
ಚಂದ ಯಾಕ ಬೇಕೋ, ತೂರೋಷ್ಟು ಕಂಡ್ರ ಸಾಕು.

ತೊಂಬತ್ತೇಳು. ತೊಂಬತ್ತೈದು.
ನನ್ನ ಮೂಗಿನ ತುದಿ ತುರಸ್ಲತ್ತಿತ್ತು.
ಕರೆಂಟ್ ಹೋಗಿ ಬಂತು. ಯಾರೂ ಮಿಸುಕಲಿಲ್ಲ.
ಮೊದಲು ತೆಳ್ಳನ ಬಾಗೋ ಕಡ್ಡಿ ಹೋತು,
ಉಸಿರಿನ ಕೊಳವಿ ಬಳಿಗೋಳಿಗೆ ತಾಕಿಕೋತ,
ಒಂದು, ಇನ್ನೊಂದು, ಮತ್ತೊಂದು.
ಸಪ್ಪಳ ಇಲ್ಲ, ಮೇಡಂ ಬೆರಳಿಗಷ್ಟೇ ಗೊತ್ತು.
ನನ್ನ ಅಂಗೈಗೂ ಬಂದಂಗಾತು, ಸುಳ್ಳಿರಬಹುದು.
ಕಡ್ಡಿ ಮ್ಯಾಲ ನಳಿಗಿ. ತೊಂಬತ್ಮೂರು.
ಪರದೆದಾಗ ಒಂದು ಅಲೆ ಎದ್ದಿತು, ಆಮ್ಯಾಲ ಇನ್ನೊಂದು.
ಪಟ್ಟಾ ಮತ್ತ ಕಟ್ಟೋತನಾ ನಾ ಬಿಡಲಿಲ್ಲ.

ಮೂಡಲಕ್ಕ ಬೆಳಗಾಗ್ತಿದ್ದಂಗ ಹೊರಗ ಬಂದೆ.
ಮೆಟ್ಟಲ ಮ್ಯಾಲ ಚಂದಮ್ಮ, ಅವನ ಚೀಲದ ಕೊಕ್ಕಿ
ಸೆರಗಿನಾಗ ಸುತ್ತಿ ಇಟ್ಕೊಂಡಾಳ.
ಬೆರಳು ಮೂರು ಆಡ್ಲತ್ತಾವ, ಅಂದೆ.
ಆಕಿ ಎಣಿಸಿ ನೋಡಿದಂಗ ತನ್ನ ಬೆರಳು ನೋಡ್ಕೊಂಡ್ಲು.
ಮತ್ತ ಚೀಲ ಹೊರತಾನೇನ್ರಿ?

ಅರ್ಧ ಕುಂತು ಅರ್ಧ ನಿಂತು ನನ್ನ ಗೋಣೇ ಹಿಡಕೊಂಡಿತ್ತು.
ಹೂಂ ಅಂತ ಹಾಕ್ಲಿಕ್ಕಾಗವಲ್ದು,
ಉಹೂಂ ಅಂತ ತಿರುವ್ಲಿಕ್ಕೂ ಆಗವಲ್ದು.
ಕುಂದರ್ರಿ ಅಂದ್ಲು ಆಕಿ,
ಜಾಗಾ ಬಿಟ್ಟು ಸರದು.